ಹಳ್ಳದ ದಾರಿಗಿಳಿದರೆ ನಾಯಿ ಯಾಕೆ ನಿಧಾನ?

ಮನೆಯಿಂದ ಹಳ್ಳದ ದಾರಿಯವರೆಗೆ ನಾಯಿ ನನ್ನನ್ನು ಎಳೆದುಕೊಂಡು ಬರುತ್ತದೆ. ಹಳ್ಳದ ದಾರಿಗೆ ಇಳಿದ ಮೇಲೆ ನಾನು ನಾಯಿಯನ್ನು ಎಳೆಯಬೇಕು. ಹತ್ತು ಹೆಜ್ಜೆ ಇಟ್ಟರೆ ನಿಂತಿತು. ಇನ್ನು ನಾಲ್ಕು ಹೆಜ್ಜೆ, ಮತ್ತೆ ನಿಂತಿತು. ಒಂದು ಕಲ್ಲಿನ ಬುಡಕ್ಕೆ ಮೂಗಿಟ್ಟರೆ ಎರಡು ನಿಮಿಷ ಅಲ್ಲೇ. ಬಗ್ಗಿ ನೋಡಿದರೆ ಅಲ್ಲಿ ಏನೂ ಇಲ್ಲ. ಒಂದಿಷ್ಟು ಒದ್ದೆ ಎಲೆ, ಸ್ವಲ್ಪ ಪಾಚಿ, ಅಷ್ಟೇ.

ಮೊದಮೊದಲು ಸಿಟ್ಟು ಬರುತ್ತಿತ್ತು. ವಾಕಿಂಗ್ ಅಂದಮೇಲೆ ನಡೆಯಬೇಕು ಅಲ್ವಾ? ಮೇಲಿನ ಟಾರು ರಸ್ತೆಯಲ್ಲಿ ಅರ್ಧ ಗಂಟೆಗೆ ಮುಗಿಯುವ ದೂರಕ್ಕೆ ಇಲ್ಲಿ ಒಂದು ಗಂಟೆ ಹಿಡಿಯುತ್ತದೆ. ಅದೇ ನಾಯಿ, ಅವೇ ಕಾಲು. ಬದಲಾಗಿದ್ದು ದಾರಿ ಒಂದೇ. ಹಾಗಾದರೆ ಗುಟ್ಟು ದಾರಿಯಲ್ಲೇ ಇರಬೇಕು ಅಂತ ನಿಧಾನವಾಗಿ ಹೊಳೆಯಿತು.

ಮೊದಲು ಮೂಗಿನ ವಿಷಯ. ನಾಯಿ ಮೂಸುವಾಗ ಒಮ್ಮೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಅದರ ಹೊಳ್ಳೆ ನಮ್ಮದರಂತೆ ಬರೀ ಗುಂಡಗಿಲ್ಲ. ಪ್ರತಿ ಹೊಳ್ಳೆಯಿಂದ ಪಕ್ಕಕ್ಕೆ ಒಂದು ಸೀಳು ಹೋಗಿರುತ್ತದೆ, ಅಲ್ಪವಿರಾಮದ ಬಾಲದ ಹಾಗೆ. ಗಾಳಿ ಒಳಗೆ ಹೋಗುವುದು ಮುಂದಿನ ತೂತಿನಿಂದ. ಹೊರಗೆ ಬರುವುದು ಆ ಸೀಳಿನಿಂದ, ಬದಿಗೆ ಮತ್ತು ಹಿಂದಕ್ಕೆ. ನಾವಾದರೆ ಒಂದು ಹೂವನ್ನು ಮೂಸಿ ಉಸಿರು ಬಿಟ್ಟಾಗ ಅದರ ವಾಸನೆಯನ್ನು ನಾವೇ ಊದಿ ಓಡಿಸಿಬಿಡುತ್ತೇವೆ. ನಾಯಿಗೆ ಆ ತಾಪತ್ರಯ ಇಲ್ಲ. ಅದು ಬಿಟ್ಟ ಉಸಿರು ಹಿಂದಕ್ಕೆ ಚಿಮ್ಮುತ್ತ, ಮುಂದಿನ ಗಾಳಿಯನ್ನು ಮೂಗಿನತ್ತ ಸೆಳೆಯುವುದಕ್ಕೂ ನೆರವಾಗುತ್ತದೆ. ನೆಲದ ಮೇಲೆ ನಯವಾದ ಧೂಳಿದ್ದರೆ ಮೂಗಿನ ಎರಡು ಪಕ್ಕದಲ್ಲೂ ಸಣ್ಣಗೆ ಧೂಳು ಏಳುವುದನ್ನು ಕಣ್ಣಾರೆ ನೋಡಬಹುದು. ಇದೆಲ್ಲ ನಡೆಯುವುದು ಸೆಕೆಂಡಿಗೆ ಸುಮಾರು ಐದು ಸಲ.

ಮೂಗಿನ ಒಳಗಿನ ವ್ಯವಸ್ಥೆ ಇನ್ನೂ ಚೆಂದ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬ್ರೆಂಟ್ ಕ್ರೇವನ್, ಗ್ಯಾರಿ ಸೆಟಲ್ಸ್ ಮತ್ತು ಸಂಗಡಿಗರು ಎಂಆರ್‌ಐ ಚಿತ್ರಗಳನ್ನಿಟ್ಟುಕೊಂಡು ನಾಯಿ ಮೂಗಿನ ಒಳದಾರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರಲ್ಲಿ ಗಾಳಿ ಹರಿಸಿ ನೋಡಿದರು. 2010ರಲ್ಲಿ ಅವರು ಹೇಳಿದ್ದು ಇದು: ಒಳಗೆ ಹೋದ ಗಾಳಿ ಎರಡು ದಾರಿ ಹಿಡಿಯುತ್ತದೆ. ಹೆಚ್ಚಿನದು ಶ್ವಾಸಕೋಶಕ್ಕೆ. ಸುಮಾರು ಶೇಕಡಾ 12ರಷ್ಟು ಮಾತ್ರ ಮೇಲಿನ ಬೇರೆ ದಾರಿ ಹಿಡಿದು ಮೂಗಿನ ಹಿಂಬದಿಯ ಒಂದು ಮೂಲೆಗೆ ಹೋಗುತ್ತದೆ. ವಾಸನೆ ಹಿಡಿಯುವ ಕೋಶಗಳು ಗುಂಪುಗೂಡಿರುವುದು ಅಲ್ಲೇ. ನಾಯಿ ಉಸಿರು ಬಿಟ್ಟಾಗಲೂ ಆ ಮೂಲೆಯ ಗಾಳಿ ಹೆಚ್ಚು ಕದಲುವುದಿಲ್ಲ. ಪ್ರತಿ ಸಲ ಮೂಸಿದಾಗಲೂ ಹೊಸ ವಾಸನೆ ಅಲ್ಲಿ ಬಂದು ಸೇರುತ್ತ ಹೋಗುತ್ತದೆ.

ಸರಿ, ಇಂಥ ಮೂಗು ಟಾರು ರಸ್ತೆಯಲ್ಲೂ ಇರುತ್ತದಲ್ಲ? ಅಲ್ಲಿ ಯಾಕೆ ನಿಲ್ಲುವುದಿಲ್ಲ?

ಹಳ್ಳ ಅಂದರೆ ಊರಿನ ತಗ್ಗು. ನೀರು ತಗ್ಗಿಗೆ ಹರಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ತಣ್ಣನೆಯ ಗಾಳಿಯೂ ಹಾಗೇ ಅನ್ನುವುದು ಅಷ್ಟಾಗಿ ನೆನಪಾಗುವುದಿಲ್ಲ. ಹೊತ್ತು ಮುಳುಗಿದ ಮೇಲೆ ನೆಲ ತಣಿಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿ ಭಾರ. ಅದು ಇಳಿಜಾರಿನಲ್ಲಿ ಜಾರಿಕೊಂಡು ಬಂದು ತಗ್ಗಿನಲ್ಲಿ ಮಡುಗಟ್ಟುತ್ತದೆ, ಬರುವಾಗ ದಾರಿಯ ವಾಸನೆಗಳನ್ನೂ ಹೊತ್ತು ತರುತ್ತದೆ. ಕಳೆದುಹೋದವರನ್ನು ಹುಡುಕುವ ನಾಯಿಗಳನ್ನು ಪಳಗಿಸುವವರಿಗೆ ಇದು ಚೆನ್ನಾಗಿ ಗೊತ್ತು. ಬಿಸಿಲಿದ್ದಾಗ ಕಾದ ಗಾಳಿ ವಾಸನೆಯನ್ನು ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ, ಸಂಜೆ ಅದೇ ವಾಸನೆ ತಗ್ಗಿಗೆ ಇಳಿದು ನಿಲ್ಲುತ್ತದೆ ಎಂಬ ಲೆಕ್ಕದಲ್ಲೇ ಅವರು ಹುಡುಕಾಟ ನಡೆಸುತ್ತಾರೆ. ಮೇಲೆ ಮರಗಳ ಚಪ್ಪರ ಇದ್ದರೆ ಹಗಲಲ್ಲೂ ನೆಲ ಅಷ್ಟಾಗಿ ಕಾಯುವುದಿಲ್ಲ. ವಾಸನೆ ನೆಲದ ಹತ್ತಿರವೇ ಉಳಿಯುತ್ತದೆ.

ಜೊತೆಗೆ ತೇವ. ಒಣ ಮಣ್ಣಿನ ಕಣಗಳಿಗೆ ವಾಸನೆಯ ಅಣುಗಳು ಅಂಟಿಕೊಂಡು ಕೂತಿರುತ್ತವೆ. ನೀರು ಬಂದು ಆ ಜಾಗ ಹಿಡಿದರೆ ಅವು ಬಿಡಿಸಿಕೊಂಡು ಗಾಳಿಗೆ ಸೇರುತ್ತವೆ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ಲ, ಆ ವಾಸನೆಗೆ 1964ರಲ್ಲಿ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಅದರ ಒಂದು ಮುಖ್ಯ ಪಾಲು ಜಿಯೋಸ್ಮಿನ್, ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ವಸ್ತು. ಮನುಷ್ಯರ ಸಾಧಾರಣ ಮೂಗು ಕೂಡ ಜಿಯೋಸ್ಮಿನ್ನನ್ನು ತೀರಾ ಅತ್ಯಲ್ಪ ಪ್ರಮಾಣದಲ್ಲೇ ಹಿಡಿದುಬಿಡುತ್ತದೆ. ಅಂದರೆ ಹಳ್ಳದ ದಾರಿ ನನಗೂ ಘಮ್ಮೆನ್ನುತ್ತದೆ. ನಾನು ಅಲ್ಲಿಗೇ ನಿಲ್ಲುತ್ತೇನೆ, ನಾಯಿ ಅಲ್ಲಿಂದ ಶುರುಮಾಡುತ್ತದೆ.

ನಾವು ಇಲ್ಲಿಗೆ ಬರುವುದು ಹಸಿರಿಗಾಗಿ ಅಂತೀವಿ. ನಾಯಿಗೆ ಈ ಹಸಿರು ಕಾಣುವುದೇ ಇಲ್ಲ ಅನ್ನಬಹುದು. ಅದರ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮಗೆ ಮೂರು. ನೀಲಿ ಮತ್ತು ಹಳದಿ ಅದಕ್ಕೆ ಬೇರೆಬೇರೆಯಾಗಿ ಕಾಣುತ್ತವೆ. ಹಸಿರು, ಕೆಂಪು ಎರಡೂ ಮಂಕು ಹಳದಿಯಲ್ಲಿ ಬೆರೆತುಹೋಗುತ್ತವೆ.

ಅದಕ್ಕೆ ಎದ್ದು ಕಾಣುವುದು, ಅಂದರೆ ಮೂಗಿಗೆ ಎದ್ದು ಕಾಣುವುದು, ಬೇರೆ ನಾಯಿಗಳ ಉಚ್ಚೆ. ಈ ದಾರಿಯಲ್ಲಿ ಯಾವ ಕಲ್ಲು, ಬೇರು, ಬೇಲಿಗೂಟವನ್ನೂ ಅವು ಬಿಟ್ಟಿಲ್ಲ. ಹೆಣ್ಣೋ ಗಂಡೋ, ಬೆದೆಗೆ ಬಂದಿದೆಯೋ, ಗುರುತು ಹೊಸದೋ ಹಳೆಯದೋ, ಎಲ್ಲ ಅದರಲ್ಲಿ ಬರೆದಿರುತ್ತದೆ. ಬರೆದದ್ದೆಲ್ಲ ನಿಜವೇ ಅಂದರೆ, ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಟ್ಟಿ ಮ್ಯಾಕ್‌ಗ್ವೈರ್ ಮತ್ತು ಸಂಗಡಿಗರು ಗಂಡುನಾಯಿಗಳು ಕಾಲೆತ್ತುವ ಕೋನವನ್ನೂ ಉಚ್ಚೆ ಬಿದ್ದ ಎತ್ತರವನ್ನೂ ಅಳೆದು 2018ರಲ್ಲಿ ಪ್ರಕಟಿಸಿದರು. ಮೈಯಲ್ಲಿ ಸಣ್ಣವಿರುವ ನಾಯಿಗಳು ಕಾಲನ್ನು ಜಾಸ್ತಿ ಮೇಲೆತ್ತುತ್ತವೆ. ಗುರುತು ಎತ್ತರದಲ್ಲಿದ್ದರೆ ಓದಿದವರು ‘ಯಾರೋ ದೊಡ್ಡವನೇ ಬಂದು ಹೋಗಿದ್ದಾನೆ’ ಅಂದುಕೊಳ್ಳಲಿ ಎಂಬ ಲೆಕ್ಕವಿರಬಹುದು ಎನ್ನುತ್ತಾರೆ ಅವರು. ನಮ್ಮ ಹಳ್ಳದ ದಾರಿಗೂ ಇಂಥ ಒಂದು ಮೋಟು ನಾಯಿ ಬರುತ್ತದೆ. ಕಾಲೆತ್ತುವ ಭರಕ್ಕೆ ಎಷ್ಟೋ ಸಲ ಪಕ್ಕಕ್ಕೆ ವಾಲಿ ಬೀಳುವುದೊಂದು ಬಾಕಿ.

ಈಗ ನೆರಳಿನ ಮಾತು. ನೆರಳಿದ್ದರೆ ಹಾಯಾಗಿರುತ್ತದೆ ಅನ್ನುವುದಕ್ಕೆ ವಿಜ್ಞಾನ ಬೇಕಾಗಿಲ್ಲ. ಆದರೆ ನಾಯಿಗೆ ನೆರಳು ಇನ್ನೊಂದು ಕೆಲಸ ಮಾಡಿಕೊಡುತ್ತದೆ. ನಮ್ಮ ಹಾಗೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ. ಮೈ ತಣಿಸುವಂಥ ಬೆವರು ಗ್ರಂಥಿಗಳು ಇರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ, ಅವೂ ಲೆಕ್ಕಕ್ಕೆ ಸಾಲುವಷ್ಟಿಲ್ಲ. ಮೈ ಕಾದರೆ ಅದಕ್ಕಿರುವ ದೊಡ್ಡ ಉಪಾಯ ಬಾಯಿ ತೆರೆದು ತೇಕುವುದು, ನಿಮಿಷಕ್ಕೆ ಸುಮಾರು 300 ಸಲ. ನಾಲಿಗೆ, ಬಾಯಿ, ಮೂಗಿನ ತೇವ ಆವಿಯಾಗುತ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ತೊಂದರೆ ಏನೆಂದರೆ, ತೇಕುತ್ತಿರುವ ನಾಯಿ ಅದೇ ಹೊತ್ತಿಗೆ ಸರಿಯಾಗಿ ಮೂಸಲಾರದು. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಇರಿತ್ ಗಾಜಿಟ್ ಮತ್ತು ಜೋಸೆಫ್ ಟರ್ಕೆಲ್ ಸ್ಫೋಟಕ ಹುಡುಕುವ ನಾಯಿಗಳನ್ನು ಪರೀಕ್ಷೆ ಮಾಡಿ 2003ರಲ್ಲಿ ಇದನ್ನೇ ತೋರಿಸಿದರು. ತೇಕುವುದು ಹೆಚ್ಚಿದಷ್ಟೂ ಹುಡುಕುವ ಕೆಲಸದಲ್ಲಿ ನಾಯಿ ಹಿಂದೆ ಬಿತ್ತು.

ಅಲ್ಲಿಗೆ ನನ್ನ ಪ್ರಶ್ನೆಯ ಅರ್ಧ ಬಗೆಹರಿಯಿತು. ಬಿಸಿಲಿನ ಮಧ್ಯಾಹ್ನ ಟಾರು 60 ಡಿಗ್ರಿ ಸೆಲ್ಸಿಯಸ್ ದಾಟುವುದು ದೊಡ್ಡ ಸಂಗತಿಯೇನಲ್ಲ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಮೇಲಿನ ರಸ್ತೆಯಲ್ಲಿ ಅದು ಚುರುಕಾಗಿ ನಡೆಯುತ್ತದೆ ಅಂತ ನಾನು ಖುಷಿಪಟ್ಟಿದ್ದೆನಲ್ಲ, ಆ ಚುರುಕಿನಲ್ಲಿ ಅಂಗಾಲಿನ ಉರಿ ಎಷ್ಟಿತ್ತೋ. ಇಲ್ಲಿ ಕೆಳಗೆ ಎಲೆಗಳು ಬಿಸಿಲನ್ನು ತಡೆಯುವುದಷ್ಟೇ ಅಲ್ಲ, ನೀರನ್ನು ಆವಿಯಾಗಿಯೂ ಬಿಡುತ್ತವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಶಾಖ ಬೇಕು, ಅದರ ಬಹುಪಾಲು ಎಲೆ ಮತ್ತು ಸುತ್ತಲಿನ ಗಾಳಿಯಿಂದಲೇ ಹೋಗಬೇಕು. ನಾಯಿಯ ನಾಲಿಗೆ ಮಾಡುವ ಕೆಲಸವನ್ನು ಇಲ್ಲಿ ಮರ ಮಾಡುತ್ತದೆ. ಬಾಯಿ ಮುಚ್ಚಿಕೊಂಡ ನಾಯಿಗೆ ಮೂಗು ಬಿಡುವಾಗುತ್ತದೆ.

ನೀರಿನ ಅಂಚಿಗೆ ಬಂದರೆ ನಮ್ಮದು ಇಳಿದೇ ತೀರುತ್ತದೆ. ಇಳಿದು, ಒದ್ದೆಯಾಗಿ, ಹತ್ತಿ, ನೇರವಾಗಿ ನನ್ನ ಪಕ್ಕಕ್ಕೇ ಬಂದು ಮೈ ಒದರುತ್ತದೆ. ಜಾರ್ಜಿಯಾ ಟೆಕ್ ಸಂಸ್ಥೆಯ ಡೇವಿಡ್ ಹು ಅವರ ತಂಡ ಒದ್ದೆ ಪ್ರಾಣಿಗಳು ಮೈ ಒದರುವುದನ್ನು ಅತಿ ವೇಗದ ಕ್ಯಾಮೆರಾದಲ್ಲಿ ಹಿಡಿದು 2012ರಲ್ಲಿ ವಿವರಿಸಿತು. ಇಲಿ ಸೆಕೆಂಡಿಗೆ ಸುಮಾರು 30 ಸಲ ಒದರಿದರೆ ನಾಯಿಗೆ ನಾಲ್ಕೈದು ಸಲ ಸಾಕು. ಮೈ ಸಣ್ಣದಾದಷ್ಟೂ ನೀರನ್ನು ಬೀಸಿ ಎಸೆಯಲು ಜಾಸ್ತಿ ವೇಗ ಬೇಕು. ಚರ್ಮ ಸಡಿಲವಾಗಿರುವುದೂ ಅನುಕೂಲ: ಬೆನ್ನುಮೂಳೆ ತಿರುಗುವುದಕ್ಕಿಂತ ಚರ್ಮ ಇನ್ನೂ ದೂರ ತಿರುಗಿ ಬರುತ್ತದೆ. ಕೆಲವೇ ಸೆಕೆಂಡಿನಲ್ಲಿ ತುಪ್ಪಳದ ನೀರಿನ ಸುಮಾರು ಶೇಕಡಾ 70 ಹಾರಿಹೋಗುತ್ತದೆ, ನಮ್ಮ ನಾಯಿಯ ವಿಷಯದಲ್ಲಾದರೆ ನನ್ನ ಪ್ಯಾಂಟಿಗೆ. ಒದರು ಅಂತ ಮೈಗೆ ಹೇಳುವ ನರ ಯಾವುದು ಅನ್ನುವುದು 2024ರಲ್ಲಿ ಗೊತ್ತಾಯಿತು. ಹಾರ್ವರ್ಡ್‌ನ ಡೇವಿಡ್ ಗಿಂಟಿ ಅವರ ತಂಡ ಇಲಿಗಳ ಕತ್ತಿನ ಹಿಂದೆ ಎಣ್ಣೆಯ ಹನಿ ಬಿಟ್ಟು, ಕೂದಲಿನ ಬುಡಕ್ಕೆ ಸುತ್ತಿಕೊಂಡಿರುವ ಒಂದು ಬಗೆಯ ಸೂಕ್ಷ್ಮ ಸ್ಪರ್ಶ ನರಗಳೇ ಇದಕ್ಕೆ ಕಾರಣ ಎಂದು ಕಂಡುಕೊಂಡಿತು.

ಕತ್ತಿನ ಹಿಂದೆ ಹನಿ ಅಂದಾಗ ನನಗೆ ನೆನಪಾಗುವುದು ಚಿಗಟದ ಔಷಧಿ. ಅದನ್ನೂ ಅಲ್ಲೇ ಹಾಕುತ್ತೇವೆ, ನಾಯಿಯ ನಾಲಿಗೆ ತಲುಪದ ಜಾಗ ಅಂತ. ಇಂಥ ಹಲವು ಔಷಧಿಗಳಲ್ಲಿ ಇರುವುದು ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್, ಎರಡೂ ಕೀಟನಾಶಕಗಳೇ. 2016ರಿಂದ 2018ರವರೆಗೆ ಇಂಗ್ಲೆಂಡಿನ 20 ನದಿಗಳಿಂದ ತೆಗೆದ ನೀರಿನ ಮಾದರಿಗಳನ್ನು ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದರು. ಶೇಕಡಾ 98ರಲ್ಲಿ ಫಿಪ್ರೊನಿಲ್ ಇತ್ತು, 66ರಲ್ಲಿ ಇಮಿಡಾಕ್ಲೋಪ್ರಿಡ್. ಹೊಲದಿಂದ ಬಂದಿರಬೇಕು ಅನ್ನೋಣ ಅಂದರೆ ಅಲ್ಲಿ ಫಿಪ್ರೊನಿಲ್ ಬೇಸಾಯಕ್ಕೆ ಬಳಸುತ್ತಿದ್ದದ್ದೇ ತೀರಾ ಕಡಿಮೆ. ಬೊಟ್ಟು ತಿರುಗಿದ್ದು ನಾಯಿ ಬೆಕ್ಕುಗಳ ಕಡೆಗೆ. ನಾಯಿಗೆ ಸ್ನಾನ ಮಾಡಿಸಿದ ನೀರಿನಲ್ಲಿ, ಅದರ ಹಾಸಿಗೆ ತೊಳೆದ ನೀರಿನಲ್ಲಿ, ಅದನ್ನು ಮುದ್ದುಮಾಡಿದವರು ಕೈ ತೊಳೆದ ನೀರಿನಲ್ಲಿ ಕೂಡ ಈ ಔಷಧಿ ಹೋಗುತ್ತದೆ. ಹಳ್ಳಕ್ಕೆ ಹಾರಿದರೆ ಕೇಳಬೇಕೇ? ಚಿಗಟವನ್ನು ಕೊಲ್ಲುವ ವಸ್ತು ಏರೋಪ್ಲೇನ್ ಚಿಟ್ಟೆಯ ಮರಿಯನ್ನು ಬಿಡುವುದಿಲ್ಲ. ಅದು ಬೆಳೆಯುವುದು ನೀರಿನೊಳಗೇ.

ತಗ್ಗಿನ ಜಾಗದ ಹಣೆಬರಹವೇ ಇದು. ವಾಸನೆ ಇಳಿದು ಬಂದ ಹಾಗೆ ಉಳಿದದ್ದೂ ಬರುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ನಗರದ ಅಂಚಿನ ನಾಲ್ಕು ಸಂರಕ್ಷಿತ ಜಾಗಗಳಲ್ಲಿ ಒಂದೂವರೆ ವರ್ಷ ನಾಯಿಗಳನ್ನು ಎಣಿಸಿ 2022ರಲ್ಲಿ ಲೆಕ್ಕ ಕೊಟ್ಟರು: ನಾಯಿಗಳ ಉಚ್ಚೆ, ಕಕ್ಕದಿಂದ ವರ್ಷಕ್ಕೆ ಒಂದು ಹೆಕ್ಟೇರಿಗೆ 11 ಕಿಲೋ ಸಾರಜನಕ, 5 ಕಿಲೋ ರಂಜಕ. ಬೇಡದ ಗೊಬ್ಬರ. ಮಳೆ ಬಂದರೆ ಅದರ ಒಂದು ಪಾಲು ನೀರಿಗೆ ಸೇರಿ ಪಾಚಿಗೆ ಹಬ್ಬ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ಸಂಕೋಚಪಡದೆ ಕಕ್ಕವನ್ನು ಚೀಲಕ್ಕೆ ಎತ್ತಿದರೆ ರಂಜಕದ ಶೇಕಡಾ 97 ಹೋದ ಹಾಗೆ, ಅದು ಹೆಚ್ಚುಕಡಿಮೆ ಇರುವುದೆಲ್ಲ ಅಲ್ಲೇ. ಸಾರಜನಕದಲ್ಲಿ ಕಡಿಮೆಯಾಗುವುದು 56 ಮಾತ್ರ, ಯಾಕೆಂದರೆ ಉಳಿದದ್ದು ಉಚ್ಚೆಯಲ್ಲಿ. ಆ ಮೋಟು ನಾಯಿಯ ಸಾಹಸವನ್ನು ಯಾರೂ ಚೀಲಕ್ಕೆ ತುಂಬಲಾರರು.

ಇಲ್ಲೂ ನೆರಳು ಕೈಹಿಡಿಯುತ್ತದೆ. 20 ಡಿಗ್ರಿ ಇರುವ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿಗೆ ಕಾದರೆ ಏಳೂವರೆಗೆ ಇಳಿಯುತ್ತದೆ. ದಂಡೆಯ ಮರ ಕಡಿದರೆ ಮೀನಿಗೂ ಉಸಿರು ಕಟ್ಟುತ್ತದೆ.

ಈಗ ಹನಿ ಔಷಧಿ ಹಾಕಿದ ಮೇಲೆ ಕೆಲವು ವಾರ ನಾಯಿಯನ್ನು ನೀರಿಗೆ ಇಳಿಸುವುದಿಲ್ಲ. ಹಗ್ಗ ಗಿಡ್ಡ ಮಾಡಿ ದಂಡೆಯಲ್ಲೇ ನಿಲ್ಲಿಸುತ್ತೇನೆ. ಅದು ನೀರನ್ನೂ ನನ್ನನ್ನೂ ನೋಡುತ್ತ ಕುಂಯ್‌ಗುಡುತ್ತದೆ. ಪಾಪ ಅನಿಸಿ ಮನೆಯಿಂದ ತಂದ ಬಾಟಲಿಯ ನೀರನ್ನು ಬಟ್ಟಲಿಗೆ ಸುರಿದು ಮುಂದಿಟ್ಟರೆ, ಒಂದು ಸಲ ಮೂಸಿ ಮುಖ ತಿರುಗಿಸುತ್ತದೆ. ಅದರಲ್ಲಿ ಓದುವುದಕ್ಕೆ ಏನೂ ಇಲ್ಲವಲ್ಲ.