ಕಪ್ಪೆಯ ಹಾಗೆ ಕುಪ್ಪಳಿಸುವ ವೀರ

ಪ್ರಶ್ನೆ: "ಇಲಿ ಹೊಡದ್ರ ಬೀಗ ತೆಗಿಯೋ ವಿದ್ಯಾ ಹೆಂಗ್ ಬರ್ತೈತ್ರಿ? ಆರ್‌ಪಿಜಿ ಗೇಮ್‌ನ್ಯಾಗ ಯಾವ ಕೆಲಸ ಮಾಡ್ತೀವೋ ಅದ ಬೆಳೀಬೇಕು. ಅದ ಖರೆ ಪದ್ಧತಿ ಅಲ್ಲೇನ್ರಿ?"

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಹೇಳುತ್ತಿದ್ದೇನೋ ಲೆಕ್ಕವಿಟ್ಟಿಲ್ಲ. ಮೊನ್ನೆ ಉಣಕಲ್ ಕೆರೆ ದಂಡೆಯಲ್ಲಿ ಗಿರ್ಮಿಟ್ ತಿನ್ನುತ್ತ ನಿಂತಾಗಲೂ ಒಬ್ಬ ಹುಡುಗ ಇದನ್ನೇ ಎತ್ತಿದ. ಅವನಿಗೆ ಹೇಳಿ ಮುಗಿಸುವಷ್ಟರಲ್ಲಿ ಗಿರ್ಮಿಟ್ ಮೆತ್ತಗಾಗಿತ್ತು. ಈ ಸಲ ಬರೆದೇ ಇಡುತ್ತೇನೆ.

ಆರ್‌ಪಿಜಿ ಅಂದರೆ ಒಂದು ಪಾತ್ರವಾಗಿ ಆಡಿ ಅದನ್ನು ಬೆಳೆಸುವ ಆಟ. ಅಂಥ ಎಷ್ಟೋ ಆಟಗಳಲ್ಲಿ ಇಲಿ ಹೊಡೆದರೂ ಎಕ್ಸ್‌ಪಿ, ಅಂದರೆ ಅನುಭವದ ಅಂಕ ಸಿಗುತ್ತದೆ, ಅದರಿಂದ ಬೀಗ ತೆಗೆಯುವ ವಿದ್ಯೆಯನ್ನೂ ಬೆಳೆಸಬಹುದು. ಇಲಿಯ ವಿಷಯ ಒಪ್ಪಿದೆ. ಆದರೆ ಎಕ್ಸ್‌ಪಿ ಕಲಿಕೆಯ ಲೆಕ್ಕವೇ ಅಲ್ಲ, ಅದು ಕೂಲಿ. ಆಟ ಕಟ್ಟಿದವರಿಗೆ ನಿಮ್ಮಿಂದ ಯಾವ ಕೆಲಸ ಆಗಬೇಕೋ ಅದಕ್ಕೆ ಕೂಲಿ ಕೊಡುತ್ತಾರೆ. ಮೇಜಿನ ಸುತ್ತ ಕೂತು ಆಡುವ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಬಂಗಾರ ಹೊತ್ತು ತಂದರೂ ಎಕ್ಸ್‌ಪಿ ಸಿಗುತ್ತಿತ್ತು. ಹಾಗಾಗಿ ಜಾಣರಿಗೆ ರಾಕ್ಷಸನನ್ನು ಎಬ್ಬಿಸದೆ ಗಂಟು ಹೊತ್ತು ಬರುವುದೇ ಲಾಭ.

ನನ್ನ ತಕರಾರು ನಿಮ್ಮ ಎರಡನೇ ಮಾತಿಗೆ. ಮಾಡಿದಷ್ಟೂ ಬೆಳೆಯುವ ಪದ್ಧತಿ ಖರೆ ಬದುಕಿನ ಹಾಗಿದೆ ಅನ್ನುವ ಭ್ರಮೆ ಎಷ್ಟು ಬಡಿದರೂ ಸಾಯುವುದಿಲ್ಲ. 1988ರ ಫೈನಲ್ ಫ್ಯಾಂಟಸಿ 2ರಲ್ಲಿ ಪೆಟ್ಟು ತಿಂದರೆ ಜೀವಬಲ ಹೆಚ್ಚುತ್ತಿತ್ತು. ಆಡುವವರು ಏನು ಮಾಡಿದರು? ತಮ್ಮ ಗುಂಪಿನವರನ್ನೇ ಹಿಡಿದು ಬಡಿದರು. 2002ರ ಮೊರೋವಿಂಡ್‌ನಲ್ಲಿ ಜಿಗಿದಷ್ಟೂ ಜಿಗಿತ ಬೆಳೆಯುತ್ತದೆ. ನಾನೂ ಊರಿಂದೂರಿಗೆ ಕಪ್ಪೆಯ ಹಾಗೆ ಕುಪ್ಪಳಿಸುತ್ತಲೇ ಹೋದವನು. 2011ರ ಸ್ಕೈರಿಮ್‌ನಲ್ಲಿ ಕಬ್ಬಿಣದ ಬಾಕು ಒಂದನ್ನೇ ನೂರಾರು ಬಡಿದು ಮಹಾ ಕಮ್ಮಾರರಾದರು. ಕಡೆಗೆ ಆಟ ಕಟ್ಟಿದವರೇ ಪ್ಯಾಚ್, ಅಂದರೆ ತಿದ್ದುಪಡಿ ತಂದು, ಮಾಡಿದ ಸಾಮಾನಿನ ಬೆಲೆ ನೋಡಿ ಕಲಿಕೆ ಕೊಡುವಂತೆ ಬದಲಿಸಬೇಕಾಯಿತು. ನಮ್ಮ ಹಳ್ಳಿಯ ಕಮ್ಮಾರ ಕಳೆ ತೆಗೆಯುವ ಕುರ್ಚಿಗಿ ಸಾವಿರ ಬಡಿದರೆ ಕುರ್ಚಿಗಿ ಚಲೋ ಬರುತ್ತದೆ. ಕುಂಟಿಯ ಕುಡ ತಾನಾಗಿ ಬರುವುದಿಲ್ಲ.

ಗರಡಿಮನೆ ಮೆಟ್ಟಿಲು ಹತ್ತಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲ ತಿಂಗಳು ಬೈಠಕ್ ಸರಸರ ಏರುತ್ತವೆ, ಆಮೇಲೆ ನಿಂತ ನೀರು. ತಪ್ಪಾಗಿ ಐದು ನೂರು ಹೊಡೆದರೆ ಮೊಣಕಾಲು ಹೋಗುತ್ತದೆ, ಪಟ್ಟು ಬರುವುದಿಲ್ಲ. ವಸ್ತಾದರು ಬೆನ್ನಿಗೊಂದು ಬಿಟ್ಟು "ಹಂಗಲ್ಲೋ, ಹಿಂಗ" ಅನ್ನಬೇಕು. ರಾತ್ರಿ ಹಾಲು ಕುಡಿದು ನಿದ್ದೆ ಹೊಡೆಯಬೇಕು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ, ಗುರು ಸವಾಯಿ ಗಂಧರ್ವರ ಹತ್ತಿರ ಹೋಗುತ್ತಿದ್ದದ್ದು ಯಾಕೆ? ಹಾಡಿದಷ್ಟೂ ಹಾಡು ಬರುವುದಾಗಿದ್ದರೆ ಮನೆಯಲ್ಲೇ ಕೂತು ಹಾಡಬಹುದಿತ್ತು. ತಪ್ಪು ಹಿಡಿಯುವ ಕಿವಿ ಕುಂದಗೋಳದಲ್ಲಿತ್ತು.

ಆ ಕಿವಿಯನ್ನು ಆಟದೊಳಗೆ ತಂದದ್ದು ಯಾರು ಅಂತೀರಿ? ನೀವು ಬೈಯುವ ಎಕ್ಸ್‌ಪಿ ಜಾತಿಯದೇ ಒಂದು ಆಟ, 2001ರ ಗೋಥಿಕ್. ಅಲ್ಲಿ ಹೊಡೆದಾಡಿಯೇ ಪಾಯಿಂಟ್ ಗಳಿಸುತ್ತೀರಿ, ಆದರೆ ಖರ್ಚು ಮಾಡಲು ಕಲಿಸುವವನನ್ನು ಹುಡುಕಿಕೊಂಡು ಹೋಗಬೇಕು. ಎರಡೂ ಕೈಯಲ್ಲಿ ಕತ್ತಿ ಹಿಡಿದು ತಡವರಿಸುತ್ತಿದ್ದವನು ಕಲಿತ ಮೇಲೆ ಒಂದೇ ಕೈಯಲ್ಲಿ ಬೀಸುತ್ತಾನೆ. ಪಾಯಿಂಟ್ ಇಲಿಯಿಂದ ಬಂತೋ ತೋಳದಿಂದ ಬಂತೋ ಆಗ ಯಾರಿಗೆ ನೆನಪು? 2018ರ ಕಿಂಗ್‌ಡಮ್ ಕಮ್ ಡೆಲಿವರೆನ್ಸ್ ಮಾಡಿದಷ್ಟೂ ಬೆಳೆಯುವ ಪದ್ಧತಿಯದೇ. ಆದರೂ ಕಮ್ಮಾರನ ಮಗ ಹೆನ್ರಿಗೆ ಓದು ಬರಬೇಕಾದರೆ ಬರೆಯುವವನೊಬ್ಬನ ಹತ್ತಿರ ಅಕ್ಷರ ಕಲಿಯಬೇಕು. ಅಲ್ಲಿಯವರೆಗೆ ಪುಸ್ತಕ ಬಿಡಿಸಿದರೆ ಅಕ್ಷರಗಳು ಕಲಸಿಹೋಗಿರುತ್ತವೆ.

ಇಷ್ಟು ಹೇಳಿದ ಮೇಲೆ, ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಾವು ಬೆಳೆದರೆ ಊರೆಲ್ಲ ಯಾಕೆ ಬೆಳೆಯಬೇಕು? 2006ರ ಆಬ್ಲಿವಿಯನ್‌ನಲ್ಲಿ ನಿಮ್ಮ ಲೆವೆಲ್ ಏರಿದ ಹಾಗೆ ದಾರಿಗಳ್ಳರದೂ ಏರುತ್ತದೆ. ಮೊದಲು ಹರಕು ಚರ್ಮ ತೊಟ್ಟವರು ಕಡೆಕಡೆಗೆ ದುಬಾರಿ ಗಾಜಿನ ಕವಚ ತೊಟ್ಟು ಚಿಲ್ಲರೆ ಕಾಸಿಗೆ ಅಡ್ಡಗಟ್ಟುತ್ತಾರೆ. ಆ ಕವಚ ಮಾರಿದರೆ ಕಳ್ಳತನವೇ ಬೇಕಿಲ್ಲ! ನೀವು ಪೈಲ್ವಾನ್ ಆದ ದಿನವೇ ಜನತಾ ಬಜಾರಿನಲ್ಲಿ ಕಾಯಿಪಲ್ಲೆ ಮಾರುವವರೆಲ್ಲ ಪೈಲ್ವಾನ್ ಆದರೆ ಸಾಮು ತೆಗೆದು ಏನು ಬಂತು?

ಆ ಆಟದಲ್ಲಿ ಲೆವೆಲ್ ಏರಬೇಕಾದರೆ ಹಾಸಿಗೆಯಲ್ಲಿ ಮಲಗಬೇಕು. ಅದಕ್ಕೇ ಕೆಲವರು ಮಲಗದೆಯೇ, ಮೊದಲ ಲೆವೆಲ್‌ನಲ್ಲೇ ಉಳಿದು ಆಟ ಮುಗಿಸಿದರು, ಅದೇ ಸಲೀಸು. ಇದನ್ನು ಯಾವ ವಸ್ತಾದರ ಮುಂದೆಯೂ ಹೇಳುವ ಧೈರ್ಯ ನನಗಿಲ್ಲ.