ಸಾರ್ಬಿಟ್ರೇಟ್ ಇಡುವ ಮೊದಲು

"ಗ್ಯಾಸ್ ಕಣಮ್ಮಾ, ರಾತ್ರಿ ಮುದ್ದೆ ವಸಿ ಜಾಸ್ತಿ ಆಯ್ತು." ಮಂಡ್ಯ ಕಡೆಯ ತುರ್ತು ಘಟಕದಲ್ಲಿ ಕೆಲಸ ಮಾಡುವ ಯಾವ ನರ್ಸಿಗೂ ಈ ಮಾತು ಹೊಸದಲ್ಲ. ಎಷ್ಟೋ ಸಲ ಅದು ಗ್ಯಾಸೇ ಆಗಿರುತ್ತದೆ. ಆದರೆ ಇಸಿಜಿ ನೋಡದೆ ಹಾಗನ್ನುವಂತಿಲ್ಲ. ಮೇಲ್ಹೊಟ್ಟೆ ಉರಿ, ಬೆವರು, ವಾಂತಿ ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಚೀಟಿ ಆಮೇಲೆ ಮಾಡಿಸಲಿ. ಸಕ್ಕರೆ ಕಾಯಿಲೆಯವರು, ವಯಸ್ಸಾದ ಹೆಂಗಸರು ಎದೆನೋವು ಅನ್ನದೆ ಬರೀ ಸುಸ್ತು ಅಂತ ಕೂತುಬಿಡುತ್ತಾರೆ, ಅವರ ಮೇಲೂ ಕಣ್ಣಿರಲಿ.

ಹೃದಯದ ಕೆಳಭಾಗಕ್ಕೆ ಅಟ್ಯಾಕ್ ಆದಾಗ ನೋವು ಹೀಗೆ ಹೊಟ್ಟೆಯ ವೇಷ ಹಾಕುವುದುಂಟು. ಇಸಿಜಿಯಲ್ಲಿ ಆ ಕೆಳಭಾಗವನ್ನು ತೋರಿಸುವ ಲೀಡ್ 2, 3, ಎವಿಎಫ್‌ನಲ್ಲಿ ಎಸ್‌ಟಿ ಅನ್ನುವ ಗೆರೆಯ ಭಾಗ ಮೇಲೆದ್ದಿರುತ್ತದೆ. ಎದೆನೋವು ಅಂದರೆ ಸಾಕು, ನಮ್ಮ ಕೈ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಗೆ ಹೋಗುತ್ತದೆ ಅಲ್ವಾ? ಇಲ್ಲಿ ಸ್ವಲ್ಪ ತಡೆಯಿರಿ. ಎದೆಯ ಎಡಗಡೆಯ ವಿ4 ಎಲೆಕ್ಟ್ರೋಡ್ ಕಿತ್ತು, ಬಲಗಡೆ ಅದೇ ಜಾಗಕ್ಕೆ ಅಂಟಿಸಿ ಇನ್ನೊಂದು ಇಸಿಜಿ ತೆಗೆಯಿರಿ. ಕಾಗದದ ಮೇಲೆ 'ಬಲ' ಅಂತ ಪೆನ್ನಲ್ಲಿ ಬರೆಯಿರಿ, ಇಲ್ಲದಿದ್ದರೆ ಮುಂದಿನ ಪಾಳಿಯವರು ಗಲಿಬಿಲಿ ಆಗುತ್ತಾರೆ. ಅಲ್ಲೂ ಎಸ್‌ಟಿ 1 ಮಿ.ಮೀ. ಎದ್ದಿದ್ದರೆ ಬಲ ಕುಹರಕ್ಕೂ, ಅಂದರೆ ಶ್ವಾಸಕೋಶಕ್ಕೆ ರಕ್ತ ತಳ್ಳುವ ಹೃದಯದ ಕೋಣೆಗೂ, ಏಟು ಬಿದ್ದಿದೆ. ಈ ಗುರುತು ಕೆಲವೇ ಗಂಟೆಗಳಲ್ಲಿ ಅಳಿಸಿಹೋಗಬಹುದು, ಬೇಗ ತೆಗೆದರೇ ಸಿಗುವುದು.

ಏಟು ತಿಂದ ಬಲ ಕುಹರ ತುಂಬಿ ಬರುವ ರಕ್ತವನ್ನೇ ನಂಬಿಕೊಂಡಿರುತ್ತದೆ. ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸಿದರೆ ವಾಪಸ್ ಬರುವ ರಕ್ತ ಕಡಿಮೆಯಾಗಿ ಬಿಪಿ ದಬಕ್ಕನೆ ಬೀಳುತ್ತದೆ. ಬಿಪಿ ಕಡಿಮೆ, ಕತ್ತಿನ ನರ ಉಬ್ಬಿದೆ, ಶ್ವಾಸಕೋಶ ಮಾತ್ರ ಸ್ವಚ್ಛ: ಈ ಮೂರೂ ಒಟ್ಟಿಗೆ ಕಂಡರೆ ಸಾರ್ಬಿಟ್ರೇಟೂ ಬೇಡ, ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಲ್ಯಾಸಿಕ್ಸೂ ಬೇಡ. ಡಾಕ್ಟರನ್ನು ಕರೆಯಿರಿ, ಸಲೈನ್ ರೆಡಿ ಇಡಿ. ಗಂಡಸರಾದರೆ ಮನೆಯವರನ್ನು ಹೊರಗೆ ಕಳಿಸಿ, ಹಿಂದಿನ 48 ಗಂಟೆಯಲ್ಲಿ ವಯಾಗ್ರದಂಥ ಮಾತ್ರೆ ನುಂಗಿದ್ದಾರಾ ಅಂತ ಕೇಳಿ. ಹೆಂಡತಿ ಎದುರು ಯಾರೂ ನಿಜ ಹೇಳುವುದಿಲ್ಲ.

2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಟೆನೆಕ್ಟೆಪ್ಲೇಸ್ ಸಿಗುತ್ತಿದೆ. ಹೆಪ್ಪು ಕರಗಿಸುವ ಈ ಮದ್ದು ಕೊಡುವ ಮುಂಚೆ, ದಾರಿಯಲ್ಲಿ ಯಾವುದಾದರೂ ಕ್ಲಿನಿಕ್‌ನಲ್ಲಿ 'ಗ್ಯಾಸಿಗೆ' ಅಂತ ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡರಾ ಅಂತ ವಿಚಾರಿಸಿ. ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಬಹುದು. ನೀವೂ ಸ್ನಾಯುವಿಗೆ ಇಂಜೆಕ್ಷನ್ ಕೊಡಬೇಡಿ. ಆಮೇಲೆ 60ರಿಂದ 90 ನಿಮಿಷಕ್ಕೆ ಇನ್ನೊಂದು ಇಸಿಜಿ. ಎಸ್‌ಟಿ ಅರ್ಧಕ್ಕೂ ಇಳಿಯದಿದ್ದರೆ ತಡಮಾಡದೆ ಮೈಸೂರಿನ ಜಯದೇವದಂಥ ಹೃದ್ರೋಗ ಆಸ್ಪತ್ರೆಗೆ ಕಳಿಸಬೇಕು. ಕೊಟ್ಟ ಮದ್ದಿನ ಸಮಯ, ಇಸಿಜಿಗಳು ರೋಗಿಯ ಜೊತೆಗೇ ಹೋಗಲಿ.