ಎಂಜಿನ್ನಿನೊಳಗೆ ಸಂಡೂರಿನ ಮಣ್ಣು

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ನನ್ನ ಬುಲೆಟ್ ನೀಲಿ ಹೊಗೆ ಬಿಡಲು ಶುರು ಮಾಡಿತು. 1996ರ ಗಾಡಿ, ಅಪ್ಪ ಕೊಂಡದ್ದು. ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ 350. ಮದ್ರಾಸಿನಲ್ಲಿ 1955ರಲ್ಲಿ ಜೋಡಣೆ ಶುರುವಾದ ಈ ಮಾದರಿ, ಮೂಲ ವಿನ್ಯಾಸ ಬದಲಾಗದೆ ಅರ್ಧ ಶತಮಾನ ನಡೆದು ಬಂತು: ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 70 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ, 90 ಮಿಲಿಮೀಟರ್. ಇದರ ಮೇಲೆ ಶ್ರೀಶೈಲ, ಗೋಕರ್ಣ, ಕನ್ಯಾಕುಮಾರಿ ಎಲ್ಲ ಆಗಿದೆ. ಮನೆಯಂಗಳದಲ್ಲಿ ಬೇವಿನ ಮರದಡಿ ಕೂತು ಬಿಚ್ಚಿ ಜೋಡಿಸಲು ಇದಕ್ಕಿಂತ ಒಳ್ಳೆಯ ಗಾಡಿ ನನಗೆ ಗೊತ್ತಿಲ್ಲ.

ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂ ತಿರುವಿದರೆ ಸರಿಹೋಗುತ್ತದೆ. ನೀಲಿ ಹೊಗೆ ಎಂದರೆ ಪಿಸ್ಟನ್ನಿನ ಸುತ್ತ ಬಿಗಿಯಾಗಿ ಕೂತಿರುವ ರಿಂಗುಗಳನ್ನು ದಾಟಿ ಎಂಜಿನ್ ಆಯಿಲ್ ಮೇಲೆ ಬಂದು ಸುಡುತ್ತಿದೆ. ಹನ್ನೆರಡು ಸಾವಿರ ಕಿಲೋಮೀಟರ್ ಹಿಂದಷ್ಟೇ ಬೋರ್ ಮಾಡಿಸಿದ್ದೆ, ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ ಸಮ ಮಾಡಿಸಿದ್ದೆ. ಇಷ್ಟು ಬೇಗ ಸವೆಯುವುದು ಹೇಗೆ? ಪರಿಚಯದ ಮೇಸ್ತ್ರಿಯೊಬ್ಬರು ಬಂದು, ಎಂಜಿನ್ನಿಗೆ ಕೈ ಹಾಕುವ ಮೊದಲು ಏರ್ ಫಿಲ್ಟರಿನಿಂದ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಪೈಪ್ ಕಿತ್ತರು. "ಸಾರ್, ಒಳಗ ಬೆರಳು ಹಾಕಿ ನೋಡ್ರಿ" ಅಂದರು. ಬೆರಳ ತುದಿಗೆ ಕುಂಕುಮದಂಥ ಪುಡಿ ಹತ್ತಿತು. ಕ್ಲಿಪ್ಪಿನ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ, ರಬ್ಬರ್ ಸೀಳಿತ್ತು. ಫಿಲ್ಟರನ್ನು ನಾನು ತಪ್ಪದೆ ಬದಲಿಸುತ್ತಿದ್ದೆ. ಗಾಳಿ ಮಾತ್ರ ಅದನ್ನು ತಪ್ಪಿಸಿಕೊಂಡು ಈ ಸೀಳಿನಿಂದ ಒಳಗೆ ಹೋಗುತ್ತಿತ್ತು.

ಎಷ್ಟು ಗಾಳಿ? ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಸುಡಲು ಹೆಚ್ಚುಕಡಿಮೆ 14.7 ಗ್ರಾಂ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ, ಅದಕ್ಕೆ ಬೇಕಾಗುವ ಗಾಳಿ ಹತ್ತಿರ ಹತ್ತಿರ 11 ಕಿಲೋ. ಬಳ್ಳಾರಿಯ 40 ಡಿಗ್ರಿ ಬಿಸಿಲಲ್ಲಿ ಹಿಗ್ಗಿ ತೆಳುವಾದ ಗಾಳಿಯನ್ನು ಅಳೆದರೆ ಅದು ಸುಮಾರು 10,000 ಲೀಟರ್ ಆಗುತ್ತದೆ. ಇಲ್ಲಿಂದ ಕುಡಿತಿನಿ, ತೋರಣಗಲ್ಲು ದಾಟಿ ಹೊಸಪೇಟೆ ಮುಟ್ಟುವಷ್ಟರಲ್ಲಿ ನನ್ನ ಗಾಡಿ ಎರಡು ಲೀಟರ್ ಪೆಟ್ರೋಲ್ ಕುಡಿದು 20,000 ಲೀಟರ್ ಗಾಳಿ ನುಂಗಿರುತ್ತದೆ. ಅದೂ ಎಂಥ ಗಾಳಿ! ಅದಿರಿನ ಲಾರಿಗಳ ಹಿಂದೆ, ಉಷ್ಣ ವಿದ್ಯುತ್ ಸ್ಥಾವರದ ಬೂದಿಯ ಪಕ್ಕದಲ್ಲಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ವರ್ಷಗಳಲ್ಲಿ ಈ ರಸ್ತೆಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ, ಗಿಡದ ಎಲೆಗಳೂ ಕೆಂಪಾಗಿರುತ್ತಿದ್ದವು.

ಆ ಕೆಂಪು ಏನು ಎಂಬುದರಲ್ಲೇ ಸವೆತದ ಗುಟ್ಟಿದೆ. ಸಂಡೂರು ಬೆಟ್ಟಗಳ ಅದಿರು ಮುಖ್ಯವಾಗಿ ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಶುದ್ಧ ಹೆಮಟೈಟಿನ ತೂಕದಲ್ಲಿ ನೂರಕ್ಕೆ 70 ಪಾಲು ಕಬ್ಬಿಣ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಪದರ ಪದರವಾಗಿ ಕೂತಿತು, ನಡುನಡುವೆ ಸಿಲಿಕಾದ, ಅಂದರೆ ಬೆಣಚುಕಲ್ಲು ಯಾವುದರಿಂದ ಆಗಿದೆಯೋ ಅದರ, ಪದರಗಳು. ಹಾಗಾಗಿ ಅದಿರಿನ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿಯೂ ಬೆರೆತಿರುತ್ತದೆ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಹೆಮಟೈಟ್ 5.5ರಿಂದ 6.5, ಬೆಣಚು 7. ಪಿಸ್ಟನ್ನಿನ ಅಲ್ಯೂಮಿನಿಯಂ 3ರ ಆಸುಪಾಸು. ಅಕ್ಕಸಾಲಿಗರು ಬಂಗಾರಕ್ಕೆ ಹೊಳಪು ಕೊಡಲು ಬಳಸುವ ರೂಜ್ ಎಂಬ ಕೆಂಪು ಪುಡಿಯೂ ಇದೇ ಐರನ್ ಆಕ್ಸೈಡ್. ನುಣ್ಣಗಿದ್ದರೆ ಅದು ಹೊಳಪು ಕೊಡುತ್ತದೆ, ಒರಟಾಗಿದ್ದರೆ ಗೀರುತ್ತದೆ.

ದೊಡ್ಡ ಮರಳಿನ ಕಣಕ್ಕಿಂತ ಕಣ್ಣಿಗೆ ಕಾಣದ ಕಣವೇ ಹೆಚ್ಚು ಅಪಾಯ. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಪದರಕ್ಕಿಂತ ಸಣ್ಣ ಕಣ ಎಣ್ಣೆಯಲ್ಲಿ ತೇಲಿ ಹೋಗುತ್ತದೆ, ತೀರಾ ದೊಡ್ಡದು ಸಂದಿಗೇ ನುಗ್ಗುವುದಿಲ್ಲ. ಪದರಕ್ಕಿಂತ ತುಸುವೇ ದಪ್ಪವಿರುವ ಕಣ ಮಾತ್ರ ಎರಡೂ ಲೋಹಗಳನ್ನು ಒಟ್ಟಿಗೆ ಮುಟ್ಟಿ, ಉರುಳುತ್ತಾ, ನಿಮಿಷಕ್ಕೆ ಸಾವಿರಾರು ಸಲ ಉಜ್ಜುತ್ತದೆ. ಸಿರುಗುಪ್ಪ, ರಾಯಚೂರು ಕಡೆಯ ಎರೆಮಣ್ಣಿನ ಸ್ವಭಾವ ಬೇರೆ. ಅದರ ಜೇಡಿಕಣ ಮೆತ್ತಗಿನದು, ಆದರೆ ನೀರು ಹೀರಿ ಉಬ್ಬುತ್ತದೆ. ಅದು ಕಾಡುವುದು ಮಳೆಗಾಲದಲ್ಲಿ, ಚೈನಿನಲ್ಲಿ ಮತ್ತು ಬ್ರೇಕ್ ಡ್ರಮ್ಮಿನಲ್ಲಿ.

ರಬ್ಬರ್ ಸೀಳಿದ್ದಕ್ಕೂ ಕಾರಣವಿದೆ. ಬಿಗಿಯಾಗಿ ಎಳೆದುಕೊಂಡಿರುವ ರಬ್ಬರಿನ ಅಣುಸರಪಳಿಗಳನ್ನು ಗಾಳಿಯಲ್ಲಿರುವ ಅಲ್ಪಸ್ವಲ್ಪ ಓಝೋನ್ ಕೂಡ ಕತ್ತರಿಸುತ್ತದೆ, ಬಿಸಿ ಆ ಕೆಲಸವನ್ನು ಚುರುಕು ಮಾಡುತ್ತದೆ. ಕ್ಲಿಪ್ ಬಿಗಿದ ಜಾಗವೇ ಮೊದಲು ಒಡೆಯುವುದು ಇದಕ್ಕೇ. ಈಗ ಪ್ರತಿ ಬೇಸಿಗೆಗೆ ಮುಂಚೆ ಪೈಪ್ ಕಿತ್ತು, ಕೈಯಲ್ಲಿ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಒಳಗೋಡೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸುತ್ತೇನೆ. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಂದ ಕತ್ತರಿಸಿದ ಚೂರು ಬೇಕಾದಷ್ಟು ಸಿಗುತ್ತದೆ, ಗ್ರೀಸ್ ಒರೆಸಲು ಅದು ಚೆನ್ನ. ಕಾರ್ಬ್ಯುರೇಟರಿನ ಹತ್ತಿರ ಮಾತ್ರ ಬೇಡ, ಅದರ ನೂಲಿನ ಎಳೆ ಪೆಟ್ರೋಲ್ ಹಾಯುವ ಜೆಟ್ಟಿನ ಸೂಜಿರಂಧ್ರ ಮುಚ್ಚಿಬಿಡುತ್ತದೆ. ಅಲ್ಲಿಗೆ ಹಳೆಯ ಬನಿಯನ್ ಬಟ್ಟೆಯೇ ವಾಸಿ.

ಫಿಲ್ಟರ್ ಬಗ್ಗೆ ಇನ್ನೊಂದು ಮಾತು, ಇದನ್ನು ನಂಬಲು ನನಗೇ ಸಮಯ ಬೇಕಾಯಿತು. ಹೊಚ್ಚ ಹೊಸ ಕಾಗದದ ಫಿಲ್ಟರಿಗಿಂತ ತುಸು ಧೂಳು ಹಿಡಿದ ಫಿಲ್ಟರ್ ಹೆಚ್ಚು ಚೆನ್ನಾಗಿ ಸೋಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಇನ್ನೊಂದು ಜರಡಿಯಾಗುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಊದಿಸಿದರೆ ಆ ಪದರವೂ ಹೋಗುತ್ತದೆ, ಕಾಗದದ ನಾರೂ ಹರಿಯುತ್ತದೆ. ಉಸಿರುಗಟ್ಟುವಷ್ಟು ತುಂಬಿದಾಗ ಹೊಸದು ಹಾಕುವುದೇ ಸರಿ.

ಚೈನಿನ ಕಥೆಯೂ ಇದೇ ಧೂಳಿನದು. ಚೈನ್ ಉದ್ದವಾಯಿತು ಅನ್ನುತ್ತೇವೆ, ಆದರೆ ಉಕ್ಕು ಹಿಗ್ಗಿರುವುದಿಲ್ಲ, ಪಿನ್ನು ಮತ್ತು ಬುಷ್ಷುಗಳು ಸವೆದಿರುತ್ತವೆ. ಒಂದೊಂದು ಕೊಂಡಿಯಲ್ಲಿ 0.1 ಮಿಲಿಮೀಟರ್ ಸವೆದರೂ ನೂರು ಕೊಂಡಿಗೆ 10 ಮಿಲಿಮೀಟರ್ ಆಯಿತು. ಮಂದ ಗ್ರೀಸ್ ಮೆತ್ತಿದರೆ ಕೆಂಪು ಧೂಳು ಅದರಲ್ಲಿ ಕೂತು ವಾಲ್ವ್ ಉಜ್ಜುವ ಪೇಸ್ಟಿನ ಹಾಗೆ ಕೆಲಸ ಮಾಡುತ್ತದೆ. ನಾನು ಡೀಸೆಲಿನಲ್ಲಿ ತೊಳೆದು, ಒಣಗಿಸಿ, 90ರ ಗೇರ್ ಆಯಿಲ್ ಹನಿಸಿ, ಹೊರಗಿನದನ್ನೆಲ್ಲ ಒರೆಸಿಬಿಡುತ್ತೇನೆ. ಎಣ್ಣೆ ಬೇಕಾದದ್ದು ಪಿನ್ನಿನ ಒಳಗೆ. ಒಣಗಲು ಬಿಟ್ಟರೂ ಕಷ್ಟ, ಚೈನ್ ತುಕ್ಕು ಹಿಡಿಯುತ್ತದೆ. ತುಕ್ಕೂ ಐರನ್ ಆಕ್ಸೈಡೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಕಲ್ಲಿದ್ದಲಿನ ಕೋಕ್ ಸುಟ್ಟು ಅದಿರಿನಿಂದ ಬಿಡಿಸಿದ ಆಮ್ಲಜನಕ, ಒಂದು ಮಳೆಗಾಲದಲ್ಲಿ ಸದ್ದಿಲ್ಲದೆ ಕಬ್ಬಿಣಕ್ಕೆ ವಾಪಸು ಬಂದಿರುತ್ತದೆ.

ಎಂಜಿನ್ ಮತ್ತೆ ಬೋರ್ ಆಯಿತು, ಹೊಸ ಪಿಸ್ಟನ್ ಕೂತಿತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಇಳಿಸಿದ ಹಳೆಯ ಆಯಿಲಿಗೆ ಸ್ವಲ್ಪ ಡೀಸೆಲ್ ಬೆರೆಸಿ ತೆಳುವಾಗಿಸಿ, ಬಿಳಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ರಾತ್ರಿ ಅಲುಗಾಡಿಸದೆ ಇಡುತ್ತೇನೆ. ಬೆಳಿಗ್ಗೆ ಮೇಲಿನದನ್ನು ಮೆಲ್ಲಗೆ ಡಬ್ಬಿಗೆ ಬಗ್ಗಿಸಿ, ತಳದ ಗಷ್ಟನ್ನು ಇನ್ನೊಮ್ಮೆ ಡೀಸೆಲಿನಲ್ಲಿ ತೊಳೆದು, ಟಬ್ಬಿನ ಕೆಳಗೆ ಹಳೆಯ ಸ್ಪೀಕರಿನ ಆಯಸ್ಕಾಂತ ಆಡಿಸುತ್ತೇನೆ. ಆಯಸ್ಕಾಂತದ ಹಿಂದೆ ಹರಿದಾಡುವ ಕಪ್ಪು ಪುಡಿ ಸಿಲಿಂಡರ್, ಗೇರುಗಳ ಕಬ್ಬಿಣ. ಅಲುಗದೆ ಬೆಳ್ಳಿಯ ಹಾಗೆ ಮಿನುಗುವುದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಲುಗದೆ ಕೆಂಪಗೆ ಕೂತದ್ದು ಹೊರಗಿನ ಧೂಳು. ಹೆಮಟೈಟಿನಲ್ಲಿ ಅಷ್ಟೊಂದು ಕಬ್ಬಿಣವಿದ್ದರೂ ಅದು ಆಯಸ್ಕಾಂತಕ್ಕೆ ಓಗೊಡುವುದಿಲ್ಲ. ಅದರ ಹರಳಿನಲ್ಲಿ ಅಕ್ಕಪಕ್ಕದ ಕಬ್ಬಿಣದ ಅಯಾನುಗಳ ಪುಟ್ಟ ಕಾಂತಗಳು ಎದುರುಬದುರು ನಿಂತು ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಹಾಕುತ್ತವೆ. ಅದಿರಿನ ಜೊತೆ ಆಯಸ್ಕಾಂತಕ್ಕೆ ಹತ್ತುವ ಕಪ್ಪು ಐರನ್ ಆಕ್ಸೈಡ್ ಮ್ಯಾಗ್ನಟೈಟ್ ಕೊಂಚ ಇದ್ದರೆ ಅಷ್ಟು ಮಾತ್ರ ಕಪ್ಪಿನೊಂದಿಗೆ ಸೇರಿಕೊಂಡೀತು.

ಕಳೆದ ತಿಂಗಳು ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಗೋಕರ್ಣಕ್ಕೆ ಹೋಗಿ ಬಂದು ಆಯಿಲ್ ಇಳಿಸಿದೆ. ಆಯಸ್ಕಾಂತಕ್ಕೆ ಹತ್ತಿದ್ದು ಕಾಲು ಚಮಚಕ್ಕಿಂತ ಕಡಿಮೆ, ಬೆಳ್ಳಿಯ ಮಿಂಚು ಅಲ್ಲೊಂದು ಇಲ್ಲೊಂದು. ಕೆಂಪು ಇರಲಿಲ್ಲ. ಟಬ್ಬನ್ನು ಬಿಸಿಲಿಗೆ ಹಿಡಿದು, ಓರೆ ಮಾಡಿ, ಎರಡು ಸಲ ನೋಡಿದೆ.